ಸುಣ್ಣ, ಮೈಲುತುತ್ತು ಮತ್ತು ಪಾಠಶಾಲೆ

೧

ಬೇಸಗೆಯ ಕೊನೆಯಲ್ಲಿ, ರೋಹಿಣಿ ಮಳೆಯು ಎಂದು ಕಾಲಿಡುವುದೋ ಎಂದು ಜನರು ಪಡುವಣ ಬಾನನ್ನು ನೋಡುತ್ತಿರುವ ದಿವಸಗಳಲ್ಲಿ, ಕಾರ್ಕಳ ತಾಲೂಕಿನ ನಿಟ್ಟೆಯ ಕಡೆಗೆ ಹೋದವರಿಗೆ ಅಡಕೆಯ ತೋಟಗಳ ಅಂಚಿನಲ್ಲಿ ಒಂದು ದೃಶ್ಯವು ಕಾಣಸಿಗುತ್ತದೆ. ಒಂದು ಪಾತ್ರೆಯಲ್ಲಿ ಮೈಲುತುತ್ತನ್ನು ನೀರಿನಲ್ಲಿ ಕರಗಿಸಿ ಇಟ್ಟಿರುತ್ತಾರೆ. ಇನ್ನೊಂದರಲ್ಲಿ ಸುಣ್ಣವನ್ನು ಕಲಸಿ ಸೋಸಿ ಇಟ್ಟಿರುತ್ತಾರೆ. ನೀಲಿಯ ನೀರನ್ನು ಬಿಳಿಯ ನೀರಿಗೆ ಮೆಲ್ಲಮೆಲ್ಲನೆ ಸುರಿಯುತ್ತ ಕೋಲಿನಿಂದ ತಿರುವಿದಾಗ ಎರಡೂ ಕೂಡಿ ತಿಳಿಯಾದ ಆಕಾಶದ ಬಣ್ಣದ ಒಂದು ದ್ರವವಾಗುತ್ತದೆ. ಆಗ ಕೆಲಸದವರಲ್ಲಿ ಹಿರಿಯನಾದವನು ಸೊಂಟದ ಸಣ್ಣ ಕತ್ತಿಯನ್ನು ತೆಗೆದು, ಅದರ ಅಲಗನ್ನು ದ್ರವದಲ್ಲಿ ಅದ್ದಿ, ಸ್ವಲ್ಪ ಹೊತ್ತು ತಡೆದು, ಮೇಲೆತ್ತಿ ಬಿಸಿಲಿಗೆ ಹಿಡಿದು ನೋಡುತ್ತಾನೆ. ಅಲಗಿನ ಮೇಲೆ ಕೆಂಪು ಬಣ್ಣವು ಕಂಡರೆ "ಸುಣ್ಣ ಸಾಲದು" ಎನ್ನುತ್ತಾನೆ. ಕಾಣದಿದ್ದರೆ ಮದ್ದು ಬಿಡಲು ಮರವನ್ನು ಹತ್ತುತ್ತಾರೆ.

ಇಷ್ಟರಲ್ಲಿ ಪ್ರೌಢಶಾಲೆಯ ರಸಾಯನಶಾಸ್ತ್ರದ ನಾಲ್ಕೈದು ಅಧ್ಯಾಯಗಳು ಅಡಗಿವೆ ಎಂಬುದನ್ನು ಬಲ್ಲವರು ಬಲ್ಲರು. ಆದರೆ ಆ ತೋಟದಿಂದ ಕೂಗಳತೆಯ ದೂರದಲ್ಲಿರುವ ಶಾಲೆಯೊಳಗೆ ಅದೇ ಅಧ್ಯಾಯಗಳನ್ನು ಓದುವ ಹುಡುಗನಿಗೂ ಹುಡುಗಿಗೂ ಈ ಸಂಬಂಧವು ಎಷ್ಟರಮಟ್ಟಿಗೆ ತೋರುತ್ತದೆ? ತೋರದಿದ್ದರೆ ಅದಕ್ಕೆ ಕಾರಣವೇನು? ಶಾಲೆಯನ್ನೂ ತೋಟವನ್ನೂ ಕೂಡಿಸಲು ನಮ್ಮ ಹಿರಿಯರು ಮಾಡಿದ ಪ್ರಯತ್ನಗಳು ಯಾವುವು, ಅವು ಎಲ್ಲಿ ಗೆದ್ದವು, ಎಲ್ಲಿ ಮುಗ್ಗರಿಸಿದವು? ಇದನ್ನು ಯಥಾಮತಿ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವು.

೨

ಮೊದಲು ಆ ನೀಲಿ ದ್ರವದ ಚರಿತ್ರೆಯನ್ನೇ ನೋಡೋಣ. ಅದಕ್ಕೆ ಬೋರ್ಡೋ ದ್ರಾವಣವೆಂದು ಹೆಸರು. ಆ ಹೆಸರು ಫ್ರಾನ್ಸ್ ದೇಶದ ಒಂದು ಪಟ್ಟಣದ್ದು. ಸುಮಾರು ೧೮೭೮ರಲ್ಲಿ ಅಮೆರಿಕದಿಂದ ಬಂದ ಒಂದು ಬೂಷ್ಟು ರೋಗವು ಆ ದೇಶದ ದ್ರಾಕ್ಷಿಯ ತೋಟಗಳಿಗೆ ತಗುಲಿ ಬೆಳೆಗಾರರನ್ನು ಕಂಗೆಡಿಸಿತ್ತು. ಬೋರ್ಡೋ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸುತ್ತಿದ್ದ ಮಿಲಾರ್ಡೆ ಎಂಬ ಪಂಡಿತನು ೧೮೮೨ರಲ್ಲಿ ಒಂದು ತೋಟದ ಬಳಿ ಹೋಗುತ್ತಿದ್ದಾಗ, ದಾರಿಯ ಬದಿಯ ಬಳ್ಳಿಗಳು ಮಾತ್ರ ಹಸುರಾಗಿ ಉಳಿದಿರುವುದನ್ನು ಕಂಡನು. ವಿಚಾರಿಸಲು, ದಾರಿಹೋಕರು ಹಣ್ಣನ್ನು ಕದಿಯದಂತೆ ಆ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣವನ್ನು ಬಳಿದಿರುವರೆಂದು ತಿಳಿದುಬಂತು. ಕಳ್ಳರಿಗೆ ಒಡ್ಡಿದ ಉಪಾಯವು ರೋಗವನ್ನೂ ತಡೆದಿತ್ತು! ಮಿಲಾರ್ಡೆಯು ರಸಾಯನ ಶಾಸ್ತ್ರಜ್ಞನಾದ ಗೇಯೋನ್ ಎಂಬವನ ನೆರವಿನಿಂದ ಪರೀಕ್ಷೆಗಳನ್ನು ನಡೆಸಿ ೧೮೮೫ರಲ್ಲಿ ಅದರ ಫಲವನ್ನು ಪ್ರಕಟಿಸಿದನು. ಕಣ್ಣಿಗೆ ಬಿದ್ದ ಒಂದು ವಿಶೇಷ, ಅದರಿಂದ ಹುಟ್ಟಿದ ಒಂದು ಪ್ರಶ್ನೆ, ಆ ಪ್ರಶ್ನೆಯನ್ನು ಬೆನ್ನಟ್ಟಿದ ಮೂರು ವರ್ಷಗಳ ಕೆಲಸ: ಶಾಸ್ತ್ರವು ಹುಟ್ಟುವ ಬಗೆಯೇ ಇದು.

ನಮ್ಮ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಅಡಕೆಗೆ ಕೊಳೆರೋಗವು ಬಹುಕಾಲದ ಶತ್ರು. ಹಿಂದೆ ಬೆಳೆಗಾರರು ಮಳೆಗಾಲಕ್ಕೆ ಮೊದಲು ಗೊನೆಗಳಿಗೆ ಕೊಟ್ಟೆ ಕಟ್ಟಿ ರಕ್ಷಿಸುತ್ತಿದ್ದರು. ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬವರು ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಈ ರೋಗವನ್ನು ಅಭ್ಯಾಸಮಾಡಿ, ೧೯೧೦ರಲ್ಲಿ ಅದರ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದರು. ಬೋರ್ಡೋ ದ್ರಾವಣವನ್ನು ಅಡಕೆಯ ಗೊನೆಗಳಿಗೆ ಸಿಂಪಡಿಸುವ ಕ್ರಮವು ಅವರ ಕಾಲದಿಂದ ಬೇರೂರಿತು. ಮುಂದೆ ೧೯೫೬ರಲ್ಲಿ ನಮ್ಮ ನೆರೆಯ ವಿಟ್ಲದಲ್ಲಿ ಅಡಕೆಯ ಸಂಶೋಧನ ಕೇಂದ್ರವೇ ಸ್ಥಾಪಿತವಾಯಿತು. ಹೀಗೆ ಫ್ರಾನ್ಸಿನ ದ್ರಾಕ್ಷಿಯ ಮದ್ದು ತುಳುನಾಡಿನ ಅಡಕೆಯ ಮದ್ದಾಯಿತು.

ಇದರಲ್ಲಿ ಪರದೇಶದ್ದೆಷ್ಟು, ನಮ್ಮದೆಷ್ಟು? ಮೈಲುತುತ್ತು ನಮಗೆ ಹೊಸದಲ್ಲ. ಸಂಸ್ಕೃತ ರಸಗ್ರಂಥಗಳಲ್ಲಿ ಬರುವ ಮಯೂರತುತ್ಥವೇ ಇದು. ನವಿಲಿನ ಕೊರಳ ಬಣ್ಣದ್ದೆಂಬುದರಿಂದ ಆ ಹೆಸರು. ಅದರಿಂದ ತಾಮ್ರವನ್ನು ಹೊರತೆಗೆಯುವ ಕ್ರಮವನ್ನೂ ಆ ಗ್ರಂಥಕಾರರು ಬಲ್ಲವರಾಗಿದ್ದರು. ಸುಣ್ಣವಂತೂ ನಮ್ಮ ಹೊಳೆಬಾಗಿಲುಗಳ ಚಿಪ್ಪಿನಿಂದಲೇ ಆದುದು. ಚಿಪ್ಪನ್ನು ಗೂಡಿನಲ್ಲಿ ಸುಡುವವರು, ಅದಕ್ಕೆ ನೀರೂಡುವವರು, ಅದನ್ನು ಹೊತ್ತು ಮಾರುವವರು ನಮ್ಮ ಕರಾವಳಿಯಲ್ಲಿ ತಲೆಮಾರುಗಳಿಂದ ಇದ್ದರು. ಗೋಡೆಗೆ ಬಳಿಯುವ ಸುಣ್ಣ, ವೀಳ್ಯದೆಲೆಗೆ ಹಚ್ಚುವ ಸುಣ್ಣ, ಅಡಕೆಯ ಮದ್ದಿನ ಸುಣ್ಣ, ಎಲ್ಲವೂ ಅವರ ಕೈಯಿಂದ ಬಂದುದೇ. ನಮ್ಮಲ್ಲಿ ವಸ್ತುವಿತ್ತು, ಕೈಯ ಕುಶಲತೆಯಿತ್ತು. ಇವೆರಡನ್ನೂ ಪ್ರಶ್ನೆಗೆ ಗುರಿಮಾಡುವ ಒಂದು ಪಾಠಶಾಲೆ ಮಾತ್ರ ಇರಲಿಲ್ಲ.

೩

ಇಲ್ಲಿ ನನ್ನ ಬಾಲ್ಯದ ಒಂದು ಸಂಗತಿಯನ್ನು ಹೇಳಿದರೆ ವಾಚಕರು ಕ್ಷಮಿಸುವರೆಂದು ನಂಬುತ್ತೇನೆ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಉಪಾಧ್ಯಾಯರು ಒಂದು ದಿನ ಲೋಹಗಳ ಪಾಠವನ್ನು ಮಾಡಿದರು. ತಾಮ್ರದ ಸಲ್ಫೇಟಿನ ದ್ರಾವಣದಲ್ಲಿ ಕಬ್ಬಿಣದ ಮೊಳೆಯನ್ನು ಇಟ್ಟರೆ ಕಬ್ಬಿಣವು ತಾಮ್ರವನ್ನು ಸ್ಥಾನಪಲ್ಲಟಗೊಳಿಸುತ್ತದೆ, ಮೊಳೆಯ ಮೇಲೆ ತಾಮ್ರದ ಲೇಪವು ಕೂರುತ್ತದೆ ಎಂದು ಹೇಳಿ, ಸಮೀಕರಣವನ್ನು ಹಲಗೆಯ ಮೇಲೆ ಬರೆದರು. ನಾವು ಬರೆದುಕೊಂಡೆವು. ನಮ್ಮ ಶಾಲೆಯಲ್ಲಿ ಮೊಳೆಯನ್ನಾಗಲಿ ದ್ರಾವಣವನ್ನಾಗಲಿ ಆ ದಿನ ಯಾರೂ ಕಾಣಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನನ್ನ ಒಬ್ಬ ಸಹಪಾಠಿಯ ತಂದೆಯು ಊರವರ ತೋಟಗಳಿಗೆ ಮದ್ದು ಬಿಡುವ ಕೆಲಸದವರು. ಆ ಹುಡುಗನು ಎದ್ದುನಿಂತು, "ಮಾಸ್ಟ್ರೇ, ಕತ್ತಿ ಕೆಂಪಾದರೆ ಸುಣ್ಣ ಸಾಲದು ಅಂತ ಅಲ್ಲವೆ?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಉಪಾಧ್ಯಾಯರು "ಕೇಳಿದ್ದಕ್ಕೆ ಉತ್ತರ ಹೇಳು, ಸಮೀಕರಣ ಹೇಳು" ಎಂದರು. ಅವನಿಗೆ ಬಾರದು. ಕುಳಿತುಕೊಂಡನು.

ನಮ್ಮ ಮನೆಯ ತೋಟದಲ್ಲಿಯೂ ವರ್ಷಕ್ಕೆ ಎರಡು ಸಲ ಅದೇ ಕತ್ತಿಯನ್ನು ಅದ್ದುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ಪುಸ್ತಕದ ಮೊಳೆಯೂ ತೋಟದ ಕತ್ತಿಯೂ ಒಂದೇ ಎಂಬುದು ನನಗೆ ಹೊಳೆಯಲಿಲ್ಲ, ಅವನಿಗೆ ಹೊಳೆಯಿತು. ಪರೀಕ್ಷೆಯಲ್ಲಿ ನನಗೆ ಅಂಕಗಳು ಬಂದವು, ಅವನಿಗೆ ಬರಲಿಲ್ಲ. ಆ ವರ್ಷವೇ ಅವನು ಓದನ್ನು ಬಿಟ್ಟು ತಂದೆಯೊಡನೆ ಮರವನ್ನೇರಿದನು. ಆ ಉಪಾಧ್ಯಾಯರನ್ನು ನಾನು ದೂರುವುದಿಲ್ಲ. ಅವರಿಗೂ ಯಾರೋ ಹಾಗೆಯೇ ಕಲಿಸಿದ್ದರು. ಆದರೆ ಆ ತರಗತಿಯಲ್ಲಿ ಆ ದಿನ ರಸಾಯನಶಾಸ್ತ್ರವನ್ನು ನಿಜವಾಗಿ ಆಲೋಚಿಸಿದವನು ಒಬ್ಬನೇ, ಅವನನ್ನೇ ನಾವು ನಕ್ಕು ಕೂರಿಸಿದೆವು ಎಂಬ ಮಾತು ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ.

೪

ಈ ಬಿರುಕು ನಿನ್ನೆ ಮೊನ್ನೆಯದಲ್ಲ. ಬಂಗಾಳದ ಆಚಾರ್ಯ ಪ್ರಫುಲ್ಲಚಂದ್ರ ರಾಯರು ೧೯೦೨ರಲ್ಲಿಯೂ ೧೯೦೯ರಲ್ಲಿಯೂ ಎರಡು ಸಂಪುಟಗಳಾಗಿ ಪ್ರಕಟಿಸಿದ ಹಿಂದೂ ರಸಾಯನಶಾಸ್ತ್ರದ ಇತಿಹಾಸದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿದ್ದಾರೆ. ಅಷ್ಟು ಮುಂದುವರಿದಿದ್ದ ರಸವಿದ್ಯೆಯು ನಮ್ಮಲ್ಲಿ ಏಕೆ ನಿಂತುಹೋಯಿತು? ಅವರು ಕೊಟ್ಟ ಒಂದು ಮುಖ್ಯ ಉತ್ತರವೇನೆಂದರೆ, ಕರಗಿಸುವ, ಕಾಸುವ, ಬಣ್ಣಕಟ್ಟುವ ಕೆಲಸಗಳೆಲ್ಲ ಕೀಳೆಂದು ಎಣಿಸಲ್ಪಟ್ಟು ಕೆಲವು ಜಾತಿಗಳಿಗೆ ಮೀಸಲಾದವು. ವಿದ್ಯಾವಂತರು ಕೈಗೆಲಸದಿಂದ ದೂರ ಸರಿದರು. ಹೀಗೆ ಮಾಡುವವನಿಗೆ "ಏಕೆ" ಎಂದು ಕೇಳುವ ಅವಕಾಶವಿಲ್ಲವಾಯಿತು, ಕೇಳಬಲ್ಲವನಿಗೆ ಮಾಡುವ ಅಭ್ಯಾಸವಿಲ್ಲವಾಯಿತು ಎಂಬುದು. ರಾಯರು ಬರಿಯ ಮಾತಿನವರಲ್ಲ. ದೇಶೀಯ ರಸಾಯನ ಕಾರ್ಖಾನೆಯನ್ನು ಸ್ವತಃ ಕಟ್ಟಿ ನಡೆಸಿದವರು. ಆದುದರಿಂದ ಅವರ ಮಾತಿಗೆ ತೂಕವುಂಟು.

ನಮ್ಮ ಜಿಲ್ಲೆಯಲ್ಲಿ ಕೈಗೆಲಸಕ್ಕೆ ಹೊಸ ವಿದ್ಯೆಯನ್ನು ಕೂಡಿಸಿದ ಮೊದಲ ದೊಡ್ಡ ಪ್ರಯತ್ನವು ಬಾಸೆಲ್ ಮಿಷನಿನವರದು. ೧೮೩೪ರಲ್ಲಿ ಮಂಗಳೂರಿಗೆ ಬಂದ ಅವರು ೧೮೪೧ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನೂ, ತರುವಾಯ ನೇಯ್ಗೆಯ ಕಾರ್ಖಾನೆಯನ್ನೂ, ೧೮೬೫ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದರು. ನೇಯ್ಗೆಯ ಕಾರ್ಖಾನೆಯನ್ನು ನೋಡಿಕೊಳ್ಳುತ್ತಿದ್ದ ಹಾಲರ್ ಎಂಬವರೇ ಖಾಕಿ ಬಣ್ಣವನ್ನು ಕಂಡುಹಿಡಿದರೆಂದು ಮಂಗಳೂರಿನಲ್ಲಿ ಪ್ರತೀತಿಯುಂಟು. ವಾಯವ್ಯ ಗಡಿನಾಡಿನ ಸೈನಿಕರು ಅದಕ್ಕೂ ಕೆಲವು ವರ್ಷಗಳ ಹಿಂದೆಯೇ ಮಣ್ಣಿನ ಬಣ್ಣದ ಬಟ್ಟೆಯನ್ನು ತೊಡುತ್ತಿದ್ದುದರಿಂದ ಬಣ್ಣದ ಹುಟ್ಟನ್ನೆಲ್ಲ ಮಂಗಳೂರಿಗೇ ಕಟ್ಟುವುದು ಸರಿಯಲ್ಲ. ಆದರೆ ಇಲ್ಲಿಯ ಬಣ್ಣದ ಕೊಪ್ಪರಿಗೆಗಳ ಮುಂದೆ ರಸಾಯನದ ಪ್ರಯೋಗವು ನಡೆಯುತ್ತಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಪ್ಲೆಬ್ಸ್ಟ್ ಎಂಬವರು ಮೊದಲು ಮುದ್ರಣಾಲಯದಲ್ಲಿದ್ದ ಯಂತ್ರಜ್ಞರು. ಹೊಳೆಯ ದಂಡೆಯ ಜೇಡಿಮಣ್ಣು ಗೂಡಿನಲ್ಲಿ ಬೆಂದಾಗ ಅದರಲ್ಲಿರುವ ಕಬ್ಬಿಣದ ಅಂಶವು ನೀರನ್ನು ಕಳೆದುಕೊಂಡು ಕೆಂಪಾಗುವುದೇ ಮಂಗಳೂರು ಹಂಚಿನ ಬಣ್ಣದ ರಹಸ್ಯವು.

ಆದರೆ ಇಲ್ಲಿಯೂ ಒಂದು ಕೊರತೆಯಿತ್ತು. ಕಾರ್ಖಾನೆಯ ಉದ್ದೇಶವು ಮತಾಂತರಗೊಂಡು ನೆಲೆತಪ್ಪಿದವರಿಗೆ ಜೀವನೋಪಾಯವನ್ನು ಒದಗಿಸುವುದು. ಶಾಲೆಯ ಉದ್ದೇಶವು ಓದುಬರಹವನ್ನು ಕಲಿಸುವುದು. ಎರಡೂ ಒಂದೇ ಸಂಸ್ಥೆಯವಾಗಿದ್ದರೂ ಎರಡರ ಬಾಗಿಲುಗಳು ಬೇರೆಬೇರೆ. ಹಂಚಿನ ಗೂಡು ಪಾಠದ ವಿಷಯವಾಗಲಿಲ್ಲ.

೫

ಇದೇ ಕಾಲದಲ್ಲಿ ಯುರೋಪು ಅಮೆರಿಕಗಳಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಸಂಕ್ಷೇಪವಾಗಿ ನೋಡೋಣ. ಜರ್ಮನಿಯ ಗೀಸೆನ್ ಎಂಬ ಸಣ್ಣ ಪಟ್ಟಣದಲ್ಲಿ ೧೮೨೪ರಲ್ಲಿ ಉಪಾಧ್ಯಾಯನಾಗಿ ಬಂದ ಲೀಬಿಗನು ವಿದ್ಯಾರ್ಥಿಗಳ ಕೈಗೇ ಉಪಕರಣಗಳನ್ನು ಕೊಟ್ಟು ಪ್ರಯೋಗಶಾಲೆಯಲ್ಲಿ ರಸಾಯನವನ್ನು ಕಲಿಸುವ ಪದ್ಧತಿಯನ್ನು ಬೆಳೆಸಿದನು. ಇಂಗ್ಲೆಂಡಿನ ಫ್ಯಾರಡೆಯು ಮಕ್ಕಳಿಗಾಗಿ ಮಾಡಿದ ಪ್ರಸಿದ್ಧ ಉಪನ್ಯಾಸಮಾಲೆಯಲ್ಲಿ ಉರಿಯುವ ಒಂದು ಮೇಣದ ಬತ್ತಿಯನ್ನೇ ಮುಂದಿಟ್ಟುಕೊಂಡು ಗಾಳಿ, ನೀರು, ಇಂಗಾಲ, ಉಸಿರಾಟ ಇವೆಲ್ಲವನ್ನೂ ವಿವರಿಸಿದನು. ಅದು ೧೮೬೧ರಲ್ಲಿ ಪುಸ್ತಕವಾಗಿ ಹೊರಬಂತು. ಅದೇ ದೇಶದ ಆರ್ಮ್‌ಸ್ಟ್ರಾಂಗ್ ಎಂಬ ರಸಾಯನ ಶಾಸ್ತ್ರಜ್ಞನು, ಬಾಲಕನು ತಾನೇ ಶೋಧಕನ ಸ್ಥಾನದಲ್ಲಿ ನಿಂತು ಕಲಿಯಬೇಕೆಂದು ವಾದಿಸಿದನು. ಅಮೆರಿಕದ ಡ್ಯೂಯಿಯು ೧೮೯೬ರಲ್ಲಿ ಶಿಕಾಗೋ ನಗರದಲ್ಲಿ ಒಂದು ಪ್ರಯೋಗಾತ್ಮಕ ಶಾಲೆಯನ್ನು ತೆರೆದನು. ಅಲ್ಲಿ ಮಕ್ಕಳು ಹತ್ತಿಯ ಕಾಯಿಯಿಂದ ಬೀಜವನ್ನು ಕೈಯಿಂದ ಬಿಡಿಸಲು ಅರ್ಧ ಗಂಟೆ ಶ್ರಮಿಸಿ, ಒಂದು ಔನ್ಸಿಗಿಂತಲೂ ಕಡಿಮೆ ಅರಳೆಯನ್ನು ಪಡೆದು, ಹಿಂದಿನ ಕಾಲದವರು ಉಣ್ಣೆಯನ್ನೇ ಏಕೆ ಹೆಚ್ಚಾಗಿ ಉಟ್ಟರೆಂಬುದನ್ನು ತಾವೇ ಅರಿತರಂತೆ. ಡ್ಯೂಯಿಯ ಶಿಷ್ಯನಾದ ಕಿಲ್ಪಾಟ್ರಿಕನು ೧೯೧೮ರಲ್ಲಿ ಬರೆದ ಲೇಖನದಿಂದ ಯೋಜನಾ ಪದ್ಧತಿಯೆಂಬ ಹೆಸರು ಲೋಕಪ್ರಸಿದ್ಧವಾಯಿತು. ಮಕ್ಕಳು ತಾವೇ ಒಪ್ಪಿಕೊಂಡ ಒಂದು ಉದ್ದೇಶಕ್ಕಾಗಿ, ತಮ್ಮ ಸಮಾಜದ ನಡುವೆ, ಮನಃಪೂರ್ವಕವಾಗಿ ಕೈಕೊಳ್ಳುವ ಕಾರ್ಯವೇ ಯೋಜನೆ ಎಂದು ಅವನ ಅಭಿಪ್ರಾಯ.

ಇದರ ದೋಷಗಳನ್ನೂ ಆಗಲೇ ಜನರು ಕಂಡಿದ್ದರು. ಮನುಷ್ಯನು ಎರಡು ಸಾವಿರ ವರ್ಷಗಳಲ್ಲಿ ಕಂಡುದನ್ನು ಒಬ್ಬ ಬಾಲಕನು ಎರಡು ವರ್ಷಗಳಲ್ಲಿ ಮರಳಿ ಕಂಡುಹಿಡಿಯಲಾರನು. ಪರಮಾಣುವನ್ನು ತೋಟದಲ್ಲಿ ಹುಡುಕಿದರೆ ಸಿಕ್ಕದು. ಉಪಾಧ್ಯಾಯನು ಬಾಯಿಬಿಟ್ಟು ಹೇಳಲೇಬೇಕಾದ ಮಾತುಗಳು ಬಹಳ ಉಂಟು. ಈ ಆಕ್ಷೇಪವು ನಿಜವಾದುದು. ಯೋಜನೆಯು ಪಾಠಕ್ಕೆ ಬದಲಾಗಲಾರದು. ಪಾಠಕ್ಕೆ ಹಸಿವನ್ನು ಹುಟ್ಟಿಸಬಲ್ಲದು.

೬

ಭಾರತದಲ್ಲಿ ಈ ವಿಚಾರವು ಬೇರೊಂದು ವೇಷದಲ್ಲಿ ಬಂತು. ೧೯೩೭ನೆಯ ಅಕ್ಟೋಬರ ತಿಂಗಳಲ್ಲಿ ವರ್ಧಾ ನಗರದಲ್ಲಿ ನಡೆದ ಶಿಕ್ಷಣ ಪರಿಷತ್ತಿನಲ್ಲಿ ಮಹಾತ್ಮಾ ಗಾಂಧಿಯವರು, ಏಳು ವರ್ಷಗಳ ವಿದ್ಯಾಭ್ಯಾಸವು ಮಾತೃಭಾಷೆಯಲ್ಲಿ, ಒಂದು ಕೈಗಾರಿಕೆಯ ಮುಖಾಂತರ ನಡೆಯಬೇಕೆಂದು ಸೂಚಿಸಿದರು. ಡಾಕ್ಟರ್ ಜಾಕಿರ್ ಹುಸೇನರ ಸಮಿತಿಯು ಅದಕ್ಕೆ ಪಾಠಕ್ರಮವನ್ನು ಸಿದ್ಧಪಡಿಸಿತು. ನೂಲುವಾಗ ಗಣಿತ, ಬೆಳೆಯುವಾಗ ಸಸ್ಯಶಾಸ್ತ್ರ, ಬಣ್ಣಹಾಕುವಾಗ ರಸಾಯನ: ಹೀಗೆ ಒಂದೊಂದು ಕೆಲಸದಿಂದ ಒಂದೊಂದು ಶಾಸ್ತ್ರವು ಹೊರಡಬೇಕೆಂಬುದು ಅದರ ಆದರ್ಶ. ವಾಸ್ತವದಲ್ಲಿ ಬಹುಕಡೆ ಚರಕವು ಉಳಿಯಿತು, ಅದರಿಂದ ಹೊರಡಬೇಕಾಗಿದ್ದ ಪ್ರಶ್ನೆಗಳು ಹೊರಡಲಿಲ್ಲ. ಮಾಡಿದ ನೂಲನ್ನು ಅಳೆದರು. ಮಾಡಿದವನ ತಿಳಿವನ್ನು ಅಳೆಯಲಿಲ್ಲ.

ಇದಕ್ಕಿಂತಲೂ ನಮ್ಮ ಜಿಲ್ಲೆಗೆ ಹತ್ತಿರವಾದ ಒಂದು ಪ್ರಕರಣವುಂಟು. ಈಗ ಬಹುಮಂದಿ ಅದನ್ನು ಮರೆತಿದ್ದಾರೆ. ೧೯೫೬ನೆಯ ನವೆಂಬರ ತಿಂಗಳವರೆಗೆ ದಕ್ಷಿಣ ಕನ್ನಡವು ಮದರಾಸು ರಾಜ್ಯದ ಅಂಗವಾಗಿತ್ತೆಂಬುದು ವಾಚಕರಿಗೆ ತಿಳಿದ ವಿಷಯವೇ. ೧೯೫೩ರಲ್ಲಿ ಆ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರು ಗ್ರಾಮಾಂತರದ ಪ್ರಾಥಮಿಕ ಶಾಲೆಗಳಲ್ಲಿ ಒಂದು ಹೊಸ ಕ್ರಮವನ್ನು ಜಾರಿಗೆ ತಂದರು. ಮಕ್ಕಳು ದಿನಕ್ಕೆ ಮೂರು ಗಂಟೆಗಳ ಕಾಲ ಮಾತ್ರ ಶಾಲೆಯಲ್ಲಿರಬೇಕು. ಉಳಿದ ಹೊತ್ತು ತಂದೆತಾಯಿಗಳ ಕಸುಬನ್ನು ಕಲಿಯಬೇಕು. ಒಂದೇ ಶಾಲೆಯಲ್ಲಿ ಎರಡು ಸರದಿಗಳನ್ನು ನಡೆಸಿ ಹೆಚ್ಚು ಮಕ್ಕಳಿಗೆ ವಿದ್ಯೆಯನ್ನು ಕೊಡಬಹುದೆಂಬುದೂ ಅದರ ಒಂದು ಲೆಕ್ಕವು. ಉದ್ದೇಶವು ಏನೇ ಇರಲಿ, ಕುಂಬಾರನ ಮಗನು ಕುಂಬಾರನಾಗಿಯೇ, ಅಗಸನ ಮಗನು ಅಗಸನಾಗಿಯೇ ಉಳಿಯಬೇಕೆಂಬ ಸಂಚು ಇದು ಎಂದು ವಿರೋಧಿಗಳು ಎದ್ದರು. ಅದಕ್ಕೆ ಕುಲವೃತ್ತಿಯ ಶಿಕ್ಷಣವೆಂಬ ಹೆಸರೇ ಬಿತ್ತು. ೧೯೫೪ರಲ್ಲಿ ರಾಜಗೋಪಾಲಾಚಾರ್ಯರು ಅಧಿಕಾರವನ್ನು ಬಿಟ್ಟರು. ಅವರ ತರುವಾಯ ಬಂದ ಕಾಮರಾಜರು ಅದೇ ವರ್ಷದ ಮೇ ತಿಂಗಳಲ್ಲಿ ಆ ಕ್ರಮವನ್ನು ರದ್ದುಪಡಿಸಿದರು.

ಈ ಪ್ರಕರಣವನ್ನು ನಾನು ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವುಂಟು. ಕೆಲಸದಿಂದ ಕಲಿಸುವುದು ಒಳ್ಳೆಯದೆಂದು ಯಾರಾದರೂ ಹೇಳಿದೊಡನೆ, ಬಡವರ ಮಕ್ಕಳನ್ನು ಪುನಃ ಕೆಲಸಕ್ಕೆ ಅಟ್ಟುವ ಮಾತಿದು ಎಂಬ ಶಂಕೆಯು ಹುಟ್ಟುತ್ತದೆ. ಆ ಶಂಕೆಯು ಅಕಾರಣವಲ್ಲ. ಆದುದರಿಂದ ಎರಡನ್ನೂ ಬೇರ್ಪಡಿಸಿ ನೋಡುವುದು ಅವಶ್ಯವು. ೧೯೫೩ರ ಕ್ರಮದಲ್ಲಿ ಬಾಲಕನು ಶಾಲೆಯಿಂದ ಕಸುಬಿಗೆ ಹೋಗುತ್ತಿದ್ದನು; ನಿಜವಾದ ಯೋಜನಾ ಪದ್ಧತಿಯಲ್ಲಿ ಕಸುಬೇ ಶಾಲೆಯೊಳಕ್ಕೆ ಬಂದು ಪ್ರಶ್ನೆಗೆ ಒಳಗಾಗುತ್ತದೆ. ಅಲ್ಲಿ ಮದ್ದು ಬಿಡುವವನ ಮಗನು ಮಾತ್ರ ಕತ್ತಿಯನ್ನು ಅದ್ದುತ್ತಾನೆ. ಇಲ್ಲಿ ವೈದ್ಯನ ಮಗಳೂ ವಕೀಲನ ಮಗನೂ ಅದ್ದುತ್ತಾರೆ, ಮತ್ತು ಮದ್ದು ಬಿಡುವವನ ಮಗನು ಸಮೀಕರಣವನ್ನು ಬರೆಯುತ್ತಾನೆ. ಅಲ್ಲಿ ತಂದೆಯ ಕೆಲಸವನ್ನು ಹಾಗೆಯೇ ಮಾಡುವುದು ಗುರಿ. ಇಲ್ಲಿ ಅದನ್ನು ಹಾಗೆಯೇ ಏಕೆ ಮಾಡಬೇಕೆಂದು ಕೇಳುವುದು ಗುರಿ. ಈ ಅಂತರವನ್ನು ಮರೆತ ಯಾವ ಪದ್ಧತಿಯೂ, ಅದರ ಹೆಸರು ಎಷ್ಟೇ ಹೊಸದಾಗಿರಲಿ, ಹಳೆಯ ಜಾತಿಯ ಕಟ್ಟನ್ನೇ ಬಿಗಿಯುವುದು.

೭

ಸ್ವಾತಂತ್ರ್ಯಾನಂತರ ಆಯೋಗಗಳಿಗೆ ಕೊರತೆಯಾಗಲಿಲ್ಲ. ೧೯೫೨–೫೩ರ ಮೊದಲಿಯಾರ್ ಆಯೋಗವು ಪ್ರೌಢಶಾಲೆಗಳಲ್ಲಿ ಕ್ರಿಯಾಪದ್ಧತಿಯನ್ನೂ ಯೋಜನಾ ಪದ್ಧತಿಯನ್ನೂ ಅವಲಂಬಿಸಬೇಕೆಂದಿತು. ೧೯೬೪–೬೬ರ ಕೊಠಾರಿ ಆಯೋಗವು ಕಾರ್ಯಾನುಭವವೆಂಬ ಮಾತನ್ನು ಚಲಾವಣೆಗೆ ತಂದಿತು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ ೧೯೭೨ರಲ್ಲಿ ೧೬ ಹಳ್ಳಿಶಾಲೆಗಳಿಂದ ಮೊದಲಾದ ವಿಜ್ಞಾನ ಬೋಧನೆಯ ಪ್ರಯೋಗವು, ಕಡಿಮೆ ಬೆಲೆಯ ಸಾಮಗ್ರಿಯಿಂದ ಮಕ್ಕಳೇ ಪ್ರಯೋಗ ಮಾಡಿ ಕಲಿಯಬಹುದೆಂಬುದನ್ನು ಮೂವತ್ತು ವರ್ಷಗಳ ಕಾಲ ತೋರಿಸಿ, ೨೦೦೨ರಲ್ಲಿ ಸರಕಾರದ ಆಜ್ಞೆಯಿಂದ ನಿಂತಿತು.

ಕನ್ನಡದಲ್ಲಿ ಈ ಕೆಲಸವನ್ನು ಮಾಡಿದವರು ಹಲವರು. ನಮ್ಮ ಕೋಟದಲ್ಲಿ ೧೯೦೨ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದುದಲ್ಲದೆ, ಬಾಲಪ್ರಪಂಚ ಮತ್ತು ವಿಜ್ಞಾನ ಪ್ರಪಂಚಗಳೆಂಬ ಸಂಪುಟಗಳನ್ನು ಒಬ್ಬರೇ ಬರೆದು, ಶಾಸ್ತ್ರವು ಕನ್ನಡದಲ್ಲಿ ನುಡಿಯಬಲ್ಲದೆಂಬುದನ್ನು ಸಿದ್ಧಪಡಿಸಿದರು. ೧೯೮೦ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತೂ, ಅದಕ್ಕೂ ಸ್ವಲ್ಪ ಮೊದಲು ಹುಟ್ಟಿದ ಬಾಲವಿಜ್ಞಾನವೆಂಬ ಮಾಸಪತ್ರಿಕೆಯೂ ಶಾಲೆಗಳ ಬಾಗಿಲಿಗೆ ಪ್ರಯೋಗಗಳನ್ನು ತಂದವು. ಮೈಸೂರಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಲಕ್ಷ್ಮಣರಾಯರು ಆ ಪತ್ರಿಕೆಯನ್ನು ಬಹುಕಾಲ ಸಂಪಾದಿಸಿದರು. ೧೯೯೩ರಲ್ಲಿ ಮೊದಲಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು ಈ ಮಾರ್ಗದಲ್ಲಿ ಒಂದು ದೊಡ್ಡ ಹೆಜ್ಜೆ. ಮಕ್ಕಳು ತಂಡವಾಗಿ ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಹಿಡಿದು, ತಿಂಗಳುಗಟ್ಟಲೆ ಪರೀಕ್ಷಿಸಿ, ತಮ್ಮದೇ ಭಾಷೆಯಲ್ಲಿ ವರದಿಯನ್ನು ಒಪ್ಪಿಸಬಹುದೆಂಬುದು ಅದರ ನಿಯಮವು. ಭಾಷೆಯ ವಿಷಯದಲ್ಲಿ ಆ ನಿಯಮವು ಎಷ್ಟು ಮುಖ್ಯವೆಂಬುದು ಕತ್ತಿಯ ಪ್ರಶ್ನೆಯನ್ನು ಕೇಳಿ ಕುಳಿತುಕೊಂಡ ಆ ಹುಡುಗನನ್ನು ನೆನೆದರೆ ತಿಳಿಯುತ್ತದೆ.

ನಿಟ್ಟೆಯಂತಹ ಹಳ್ಳಿಯೇ ಈ ನಡುವೆ ಬಹಳ ಬದಲಾಗಿದೆ. ಅಲ್ಲಿಗೆ ಸಮೀಪದ ಕೌಡೂರಿನಲ್ಲಿ ೧೯೦೯ರಲ್ಲಿ ಹುಟ್ಟಿ, ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರೂ ಲೋಕಸಭೆಯ ಅಧ್ಯಕ್ಷರೂ ಆಗಿದ್ದ ಕೆ. ಎಸ್. ಹೆಗ್ಡೆಯವರು ೧೯೭೯ರಲ್ಲಿ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ೧೯೮೬ರಲ್ಲಿ ಅಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಒಂದು ಕಾಲಕ್ಕೆ ಪ್ರೌಢಶಿಕ್ಷಣವೇ ದೂರದ ಮಾತಾಗಿದ್ದ ಮಣ್ಣಿನಲ್ಲಿ ಇಂದು ಪ್ರಯೋಗಶಾಲೆಗಳಿಗೆ ಕೊರತೆಯಿಲ್ಲ. ಆದುದರಿಂದ ಉಪಕರಣಗಳಿಲ್ಲವೆಂಬ ನೆವವು ಇನ್ನು ನಡೆಯದು.

೮

ಹಾಗಾದರೆ ಮಾಡಬೇಕಾದುದೇನು? ಆ ನೀಲಿ ದ್ರವವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬುದು ನಮ್ಮ ಬೆಳೆಗಾರರ ರೂಢಿ. ಹತ್ತನೆಯ ತರಗತಿಯ ಮಕ್ಕಳು ಅಣುತೂಕದ ಲೆಕ್ಕವನ್ನು ಕಲಿತಿರುತ್ತಾರೆ. ಅವರು ಲೆಕ್ಕಹಾಕಿದರೆ ಒಂದು ಕಿಲೋ ಮೈಲುತುತ್ತಿಗೆ ಸುಮಾರು ೨೨೫ ಗ್ರಾಮು ಶುದ್ಧವಾದ ಸುಟ್ಟ ಸುಣ್ಣ, ಅಥವಾ ಸುಮಾರು ೩೦೦ ಗ್ರಾಮು ನೀರೂಡಿದ ಸುಣ್ಣ ಸಾಕೆಂದು ಕಂಡು ಆಶ್ಚರ್ಯಪಡುವರು. ಹಾಗಾದರೆ ಹಿರಿಯರು ಮೂರುನಾಲ್ಕು ಪಾಲು ಹೆಚ್ಚು ಹಾಕುವುದೇಕೆ? ದಡ್ಡತನದಿಂದಲೋ, ಅನುಭವದಿಂದಲೋ? ಇದೇ ಯೋಜನೆಯ ಬೀಜವಾದ ಪ್ರಶ್ನೆ.

ಉತ್ತರವನ್ನು ಹುಡುಕುವಾಗ ಒಂದೊಂದಾಗಿ ಸಂಗತಿಗಳು ಹೊರಬೀಳುವುವು. ನೂರು ಪಾಲು ಶುದ್ಧ ಚಿಪ್ಪನ್ನು ಸುಟ್ಟರೆ ೫೬ ಪಾಲು ಸುಣ್ಣವೂ ೪೪ ಪಾಲು ಅನಿಲವೂ ಆಗುತ್ತವೆ; ಆದರೆ ಅಂಗಡಿಯ ಸುಣ್ಣವು ಗಾಳಿಯಲ್ಲಿ ಬಹುದಿನವಿದ್ದರೆ ಅದೇ ಅನಿಲವನ್ನು ಮರಳಿ ಹೀರಿ ಚಿಪ್ಪಿನ ಗುಣಕ್ಕೇ ತಿರುಗುತ್ತದೆ. ಹಳೆಯ ಸುಣ್ಣಕ್ಕೆ ಲಿಂಬೆಯ ರಸವನ್ನು ಬಿಟ್ಟು ನೊರೆಯುಕ್ಕುವುದೇ ಎಂದು ನೋಡಿದರೆ ಇದು ಕಣ್ಣಿಗೇ ಕಾಣುವುದು. ಸುಣ್ಣವು ಕಡಿಮೆಯಾದರೆ ಕರಗಿದ ತಾಮ್ರವು ಉಳಿದು ಎಳೆಯ ಹಿಂಗಾರವನ್ನು ಸುಡುವುದು. ಹೆಚ್ಚಾದರೆ ಅಂತಹ ಅಪಾಯವಿಲ್ಲ. ಅರಸಿನ ಬಳಿದ ಕಾಗದವು ದ್ರವದಲ್ಲಿ ಕೆಂಪಾಗುವುದೂ, ಆರತಿಯ ತಟ್ಟೆಯ ಕೆನ್ನೀರೂ ಒಂದೇ ಕಾರಣದಿಂದ ಆಗುವುವು. ಕಬ್ಬಿಣದ ಪಾತ್ರೆಯಲ್ಲಿ ಮೈಲುತುತ್ತನ್ನು ಕರಗಿಸಬಾರದೆಂಬ ನಿಯಮವೂ ಕತ್ತಿಯ ಪರೀಕ್ಷೆಯೂ ಒಂದೇ ತತ್ತ್ವದ ಎರಡು ಮುಖಗಳು. ಬೆರೆಸಿದ ದ್ರವವನ್ನು ಅಂದೇ ಮುಗಿಸಬೇಕೆನ್ನುವುದೇಕೆ? ಮರುದಿನದ ದ್ರವವನ್ನು ಗಾಜಿನ ಲೋಟದಲ್ಲಿಟ್ಟು ತಳದ ಗಸಿಯನ್ನು ನೋಡಿದರೆ ಉತ್ತರವಿದೆ. ಕೊನೆಗೆ ಇನ್ನೂ ದೊಡ್ಡ ಪ್ರಶ್ನೆ: ವರ್ಷವರ್ಷವೂ ಸಿಂಪಡಿಸಿದ ತಾಮ್ರವು ಎಲ್ಲಿಗೆ ಹೋಗುತ್ತದೆ? ಯುರೋಪಿನ ಹಳೆಯ ದ್ರಾಕ್ಷಿ ತೋಟಗಳ ಮಣ್ಣಿನಲ್ಲಿ ಅದು ಸಂಚಯವಾಗಿರುವುದು ಸಿದ್ಧವಾದ ಸಂಗತಿ. ನಮ್ಮ ತೋಟದ ಮಣ್ಣಿನಲ್ಲಿ ಹೇಗೆ? ಈ ಪ್ರಶ್ನೆಗೆ ಪಾಠಪುಸ್ತಕದ ಕೊನೆಯ ಪುಟದಲ್ಲಿ ಉತ್ತರವಿಲ್ಲ. ಮಣ್ಣನ್ನು ಪರೀಕ್ಷೆಗೆ ಕಳುಹಿಸಿಯೇ ತಿಳಿಯಬೇಕು.

ಎಚ್ಚರಿಕೆಯ ಮಾತನ್ನೂ ಹೇಳಬೇಕು. ಮೈಲುತುತ್ತು ವಿಷ, ಸುಟ್ಟ ಸುಣ್ಣವು ನೀರು ಬಿದ್ದೊಡನೆ ಕುದಿದು ಕಣ್ಣಿಗೆ ಹಾರಬಲ್ಲದು. ಮಕ್ಕಳು ಗ್ರಾಮುಗಳ ಪ್ರಮಾಣದಲ್ಲಿ, ಕಣ್ಣಿಗೆ ಕನ್ನಡಕವನ್ನು ಹಾಕಿಕೊಂಡು, ಉಪಾಧ್ಯಾಯರ ಎದುರಿನಲ್ಲಿಯೇ ಪ್ರಯೋಗ ಮಾಡತಕ್ಕದ್ದು. ಮರವನ್ನು ಹತ್ತುವುದಾಗಲಿ ಮದ್ದು ಬಿಡುವುದಾಗಲಿ ಅವರ ಕೆಲಸವಲ್ಲ. ತೋಟದ ಹಿರಿಯನನ್ನು ಒಂದು ದಿನ ಶಾಲೆಗೆ ಕರೆದು, ಕುರ್ಚಿಯನ್ನು ಕೊಟ್ಟು ಕೂರಿಸಿ, ಅವನು ಬಲ್ಲುದನ್ನು ಅವನ ಬಾಯಿಂದಲೇ ಕೇಳಿದರೆ ಆ ಮಕ್ಕಳಿಗೆ ಆಗುವ ಲಾಭವು ರಸಾಯನಕ್ಕಿಂತಲೂ ದೊಡ್ಡದು.

ಸಮಯವೆಲ್ಲಿ, ಪರೀಕ್ಷೆಯು ಎದುರಿಗಿದೆಯಲ್ಲ ಎಂದು ಉಪಾಧ್ಯಾಯರು ಕೇಳುವರು. ನ್ಯಾಯವಾದ ಪ್ರಶ್ನೆ. ವರ್ಷಕ್ಕೆ ಹತ್ತು ಯೋಜನೆಗಳನ್ನು ಮಾಡಿಸಬೇಕೆಂದರೆ ಏನಾಗುವುದೆಂಬುದನ್ನು ನಾವು ಕಂಡಿದ್ದೇವೆ: ಪೇಟೆಯ ಅಂಗಡಿಯಿಂದ ಚಿತ್ರಗಳನ್ನು ತಂದು ಹಾಳೆಗೆ ಅಂಟಿಸುವರು, ಥರ್ಮೊಕೋಲನ್ನು ಕೊಯ್ದು ಬಣ್ಣ ಬಳಿಯುವರು, ಅಕ್ಕನು ಬರೆದುದನ್ನು ತಂಗಿಯು ನಕಲು ಮಾಡುವಳು, ತಂದೆತಾಯಿಗಳು ರಾತ್ರಿ ಹನ್ನೊಂದರವರೆಗೆ ಕತ್ತರಿ ಹಿಡಿದು ಕೂರುವರು. ಅದಕ್ಕೂ ಪ್ರಾಜೆಕ್ಟು ಎಂದೇ ಹೆಸರು! ಅಂತಹ ಹತ್ತಕ್ಕಿಂತ ನಿಜವಾದ ಒಂದೇ ಮೇಲು. ವರ್ಷಕ್ಕೆ ಒಂದೇ ಪ್ರಶ್ನೆ, ಅದೂ ಊರಿನ ಪ್ರಶ್ನೆ. ಆರು ವಾರಗಳಲ್ಲಿ ವಾರಕ್ಕೊಂದು ಮಧ್ಯಾಹ್ನ. ಫಲವು ತಪ್ಪಾಗಿ ಬಂದರೂ ಹಾಗೆಯೇ ಬರೆಯುವ ಪ್ರಾಮಾಣಿಕತೆ. ಅಂಕಗಳನ್ನು ಹಾಳೆಯ ಅಂದಕ್ಕಲ್ಲ, ಪ್ರಶ್ನೆಯ ಸತ್ಯಕ್ಕೆ ಕೊಡುವ ಧೈರ್ಯ. ಇಷ್ಟೇ ಸಾಕು.

೯

ಬಾಸೆಲ್ ಮಿಷನಿನ ಕಾರ್ಖಾನೆಯಲ್ಲಿ ಕೈಗೆ ವಿದ್ಯೆಯಿತ್ತು, ಪಾಠಕ್ಕೆ ಕೈಯಿರಲಿಲ್ಲ. ವರ್ಧಾ ಕ್ರಮದಲ್ಲಿ ಪಾಠಕ್ಕೆ ಕೈ ಬಂತು, ಪ್ರಶ್ನೆಯು ಬರಲಿಲ್ಲ. ೧೯೫೩ರ ಕ್ರಮದಲ್ಲಿ ಕೈಯು ಹುಟ್ಟಿದ ಮನೆಗೇ ಕಟ್ಟುಬಿತ್ತು. ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಕೈ, ಪ್ರಶ್ನೆ, ತಾಯ್ನುಡಿ ಇವು ಮೂರೂ ಕೂಡಿದವು. ಆದರೆ ಅದು ಆರಿಸಿದ ಕೆಲವರ ಭಾಗ್ಯವಾಯಿತಲ್ಲದೆ ತರಗತಿಯ ಎಲ್ಲರ ಪಾಲಿನದಾಗಲಿಲ್ಲ. ಚರಿತ್ರೆಯಿಂದ ಕಲಿಯುವುದಾದರೆ ಇನ್ನು ಮುಂದಿನ ಹೆಜ್ಜೆ ಯಾವುದೆಂಬುದು ಸ್ಪಷ್ಟವಾಗಿಯೇ ಇದೆ.

ಕೆಲವು ವರ್ಷಗಳ ಹಿಂದೆ ನನ್ನ ಆ ಸಹಪಾಠಿಯು ನಮ್ಮ ತೋಟಕ್ಕೆ ಮದ್ದು ಬಿಡಲು ಬಂದಿದ್ದನು. ಕತ್ತಿಯನ್ನು ಅದ್ದಿ ಎತ್ತಿದಾಗ ಪಕ್ಕದಲ್ಲಿ ನಿಂತಿದ್ದ ನನ್ನ ಮಗಳು, "ಮಾಮ, ಅದು ತಾಮ್ರವಲ್ಲವೆ?" ಎಂದಳು. ಅವನು ಅವಳ ಮುಖವನ್ನು ನೋಡಿ, ಬಳಿಕ ನನ್ನ ಮುಖವನ್ನು ನೋಡಿ ನಕ್ಕನು. "ಹೌದು ಮಗಾ, ತಾಮ್ರವೇ. ನಾನು ಅಂದೇ ಕೇಳಿದ್ದೆ" ಎಂದನು. ಅವನು ಆ ದಿನವನ್ನು ಮರೆತಿರಲಿಲ್ಲ. ಅವನ ಮೊಮ್ಮಗನು ಈಗ ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಇನ್ನೆರಡು ವರ್ಷಗಳಲ್ಲಿ ಅವನಿಗೆ ಲೋಹಗಳ ಪಾಠವು ಬರುವುದು. ಆ ದಿನ ಅವನು ಎದ್ದುನಿಂತು ಕತ್ತಿಯ ಮಾತನ್ನು ಎತ್ತಿದರೆ ತರಗತಿಯು ನಗದಿರಲಿ, ಉಪಾಧ್ಯಾಯರು ಹಲಗೆಯನ್ನು ಬಿಟ್ಟು ಅವನ ಬಳಿಗೆ ಬರಲಿ ಎಂಬುದೇ ನನ್ನ ಪ್ರಾರ್ಥನೆ.